ಶಾಲೆಯಲ್ಲಿ ಮಗಳು ಆರಿಸಿಕೊಳ್ಳೋದು ಬರೀ ನೀರಾಟ. ಹೀಗೇ ಬಿಡಬಹುದಾ?

ನಿದ್ದೆಗೆಟ್ಟಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮಗಳಿಗೆ ಮೂರೂವರೆ ವರ್ಷ. ಈ ವರ್ಷ ಒಂದು ಪ್ರೀಸ್ಕೂಲಿಗೆ ಹಾಕಿದ್ದೇವೆ. ಅಲ್ಲಿ ಗಂಟೆ ಹೊಡೆದು ಪಾಠ ಬದಲಾಯಿಸೋದು ಇಲ್ಲ. ಮಕ್ಕಳು ಒಳಗೆ ಬರುತ್ತಾರೆ, ಶೆಲ್ಫಿನಿಂದ ತಮಗೆ ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ, ಸಾಕು ಅನ್ನಿಸುವ ತನಕ ಅದರ ಜೊತೆ ಇರುತ್ತಾರೆ, ಆಮೇಲೆ ಎತ್ತಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಸೇರಿಸುವಾಗ ಇದನ್ನೆಲ್ಲ ಕೇಳೋಕೆ ತುಂಬಾ ಚೆನ್ನಾಗಿತ್ತು. ಈಗ ಹೊಟ್ಟೆಯೊಳಗೆ ಕಸಿವಿಸಿ ಶುರುವಾಗಿದೆ.

ಯಾಕಂದ್ರೆ ನನ್ನ ಮಗಳು ದಿನಾ ಹೋಗಿ ಹಿಡಿಯೋದು ಒಂದೇ ಟ್ರೇ. ಎರಡು ಸಣ್ಣ ಜಗ್ಗು, ಒಂದು ಸ್ಪಂಜು. ಈ ಜಗ್ಗಿನಿಂದ ಆ ಜಗ್ಗಿಗೆ ನೀರು, ಆ ಜಗ್ಗಿನಿಂದ ಈ ಜಗ್ಗಿಗೆ ನೀರು. ಚೆಲ್ಲಿದರೆ ಒರೆಸುತ್ತಾಳೆ, ಮತ್ತೆ ಶುರು. ವಾರಗಟ್ಟಲೆ ಇದೇ ಕಥೆ. ಟೀಚರನ್ನು ಕೇಳಿದರೆ "ಅವಳ ಕೆಲಸ ಮುಗಿದಾಗ ಅವಳೇ ಮುಂದೆ ಹೋಗ್ತಾಳೆ, ಚಿಂತೆ ಮಾಡಬೇಡಿ" ಅಂತಾರೆ. ಚಿಂತೆ ಮಾಡಬೇಡಿ ಅಂದರೆ ಚಿಂತೆ ನಿಲ್ಲುತ್ತಾ?

ಅತ್ತ ನನ್ನ ಅಣ್ಣನ ಮಗ ಇವಳದೇ ವಯಸ್ಸು. ಬೇರೆ ಥರದ ಶಾಲೆ. ಅವನು ನೂರರ ತನಕ ಬರೆಯುತ್ತಾನೆ, ಪದ್ಯ ಒಪ್ಪಿಸುತ್ತಾನೆ. ಮನೆಯಲ್ಲಿ ಎಲ್ಲರೂ ಸೇರಿದಾಗ ಅವನನ್ನು ನಿಲ್ಲಿಸಿ ಹೇಳಿಸುತ್ತಾರೆ, ಆಮೇಲೆ ಎಲ್ಲರ ಕಣ್ಣೂ ಇವಳ ಕಡೆ ತಿರುಗುತ್ತೆ. ಅದೊಂದು ಹಿಂಸೆ, ಬಿಡಿ.

ನನಗೆ ನಿಜವಾಗಿ ತಿಳಿಯಬೇಕಿರುವುದು ಇಷ್ಟು. ಮಗು ತಾನೇ ಆರಿಸಿಕೊಳ್ಳಲಿ ಅನ್ನೋದರ ಹಿಂದೆ ನಿಜಕ್ಕೂ ಏನಾದರೂ ಇದೆಯಾ, ಅಥವಾ ದೊಡ್ಡವರು ಆರಾಮಾಗಿ ಇರೋಕೆ ಒಂದು ಚೆಂದದ ಹೆಸರಾ? ಅಕ್ಷರದ ಕಡೆ ಅವಳು ತಿರುಗಿಯೇ ನೋಡದಿದ್ದರೆ ಏನು ಮಾಡುತ್ತಾರೆ? ಒಂದನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂರಿಸಿದ ದಿನ ಇವಳ ಗತಿ ಏನು? ಮಕ್ಕಳನ್ನು ಹೀಗೆ ಓದಿಸಿದವರು, ಪಾಠ ಮಾಡುವವರು ಯಾರಾದರೂ ಇದ್ದರೆ ಮುಲಾಜಿಲ್ಲದೆ ಹೇಳಿ.


ಚಾಪೆ_ಟೀಚರ್:

ನಾನು ಇಂಥದೇ ತರಗತಿಯಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಪರವಾಗಿಯೇ ಮಾತಾಡುತ್ತೇನೆ ಅಂತ ಗೊತ್ತಿದ್ದುಕೊಂಡೇ ಓದಿ :)

ಮೊದಲು ನೀರಿನ ವಿಷಯ. ಮುಂದಿನ ಸಲ ಅವಳು ಸುರಿಯುವಾಗ ಜಗ್ಗನ್ನು ನೋಡಬೇಡಿ, ಕೈ ನೋಡಿ. ಮೊದಮೊದಲು ಮಕ್ಕಳು ತೋಳನ್ನೇ ಎತ್ತಿ ಸುರಿಯುತ್ತಾರೆ, ನೀರು ದಬಕ್ಕಂತ ಬೀಳುತ್ತೆ. ಕೆಲವು ದಿನ ಆದಮೇಲೆ ತೋಳು ನಿಂತು ಮಣಿಕಟ್ಟು ಮಾತ್ರ ತಿರುಗುತ್ತೆ. ಇನ್ನೂ ಮುಂದೆ ಹೋದರೆ ಒಂದು ಕೈ ಹಿಡಿಯಲ್ಲಿ, ಇನ್ನೊಂದು ಕೈಯ ಎರಡು ಬೆರಳು ಮೂತಿಯ ಕೆಳಗೆ. ನೀರು ಅಂಚಿಗೆ ಬರುವ ಮುಂಚೆಯೇ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ. ಅಲ್ಲಿ ಕಣ್ಣು ಅಂದಾಜು ಮಾಡಬೇಕು, ಕೈ ಆ ಮಾತು ಕೇಳಬೇಕು, ಇನ್ನೂ ಸ್ವಲ್ಪ ಹಾಕೋಣ ಅನ್ನೋ ಆಸೆಯನ್ನು ತಡೆಯಬೇಕು. ಮೂರೂವರೆ ವರ್ಷದವಳಿಗೆ ಇದು ಸಣ್ಣ ಕೆಲಸ ಅಲ್ಲ. ನಾಳೆ ಪೆನ್ಸಿಲ್ ಹಿಡಿಯುವುದೂ ಇದೇ ಮಣಿಕಟ್ಟು, ಇವೇ ಬೆರಳು.

ನಮ್ಮಂಥ ತರಗತಿಗಳ ಪದ್ಧತಿ ರೂಪಿಸಿದ ಮರಿಯಾ ಮಾಂಟೆಸ್ಸರಿ ವೈದ್ಯೆ, ನಿಮಗೆ ಗೊತ್ತಿರಬಹುದು. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುಮನೆ ತೆರೆದರು. ಅಲ್ಲಿ ಸುಮಾರು ಮೂರು ವರ್ಷದ ಒಬ್ಬ ಹುಡುಗಿಯ ಬಗ್ಗೆ ಅವರು ಬರೆದಿದ್ದಾರೆ. ಮರದ ಸಿಲಿಂಡರುಗಳನ್ನು ಅವುಗಳ ಗುಳಿಗೆ ಕೂರಿಸುವ ಕೆಲಸ. ಹುಡುಗಿ ಕೂರಿಸುತ್ತಾಳೆ, ಎಲ್ಲ ತೆಗೆಯುತ್ತಾಳೆ, ಮತ್ತೆ ಕೂರಿಸುತ್ತಾಳೆ. ಸುತ್ತ ಬೇರೆ ಮಕ್ಕಳಿಂದ ಹಾಡಿಸಿದರು. ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ಸಿಲಿಂಡರುಗಳನ್ನು ಮಡಿಲಲ್ಲಿ ಒಟ್ಟು ಮಾಡಿಕೊಂಡು ಕೆಲಸ ಮುಂದುವರಿಸಿದಳು. 40ಕ್ಕೂ ಹೆಚ್ಚು ಸಲ ಮಾಡಿದ ಮೇಲೆ ತಾನಾಗೇ ನಿಲ್ಲಿಸಿದಳು, ಸುಸ್ತಿರಲಿಲ್ಲ, ಖುಷಿಯಾಗಿದ್ದಳು. ಆ ಸಿಲಿಂಡರುಗಳಲ್ಲಿ ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಒಂದು ಹೊರಗೇ ಉಳಿಯುತ್ತೆ, ಹಾಗಾಗಿ ತಪ್ಪಾಯ್ತು ಅಂತ ಟೀಚರ್ ಬಂದು ಹೇಳಬೇಕಾಗಿಲ್ಲ. ನಿಮ್ಮ ಮಗಳಿಗೂ ಅಷ್ಟೇ, ಚೆಲ್ಲಿದ ನೀರು ಹೇಳುತ್ತೆ.

ಆದರೆ ನಿಮ್ಮ ಟೀಚರ್ ಕೊಟ್ಟ ಉತ್ತರ ನನಗೆ ಅರ್ಧಂಬರ್ಧ ಅನ್ನಿಸಿತು. "ಅವಳೇ ಮುಂದೆ ಹೋಗ್ತಾಳೆ" ಅನ್ನೋದು ಸರಿ, ಆದರೆ ಅಲ್ಲಿತನಕ ನೀವೇನು ಮಾಡುತ್ತಿದ್ದೀರಿ ಅಂತ ಕೇಳುವ ಹಕ್ಕು ನಿಮಗಿದೆ. ಒಂದೇ ಕೆಲಸ ಮತ್ತೆ ಮತ್ತೆ ಮಾಡುವ ಮಕ್ಕಳಲ್ಲಿ ಎರಡು ಬಗೆ ಇದೆ. ಒಂದು, ಮಾಡುತ್ತಾ ಮಾಡುತ್ತಾ ಏನೋ ಬದಲಾಗುತ್ತಿರುತ್ತೆ. ನಿಧಾನ ಆಗುತ್ತೆ, ಎತ್ತರದಿಂದ ಸುರಿದು ನೋಡುತ್ತೆ, ಎರಡರಲ್ಲೂ ಸಮ ಆಗುವ ಹಾಗೆ ಹಾಕೋಕೆ ಹೋಗುತ್ತೆ. ಇಂಥ ಮಗುವಿನ ತಂಟೆಗೆ ಹೋಗಬಾರದು. ಇನ್ನೊಂದು, ಕೈ ಸುರಿಯುತ್ತಿರುತ್ತೆ, ಕಣ್ಣು ಬಾಗಿಲ ಕಡೆ. ಅಂಥ ಮಗು ಆ ಟ್ರೇಯ ಹಿಂದೆ ಅಡಗಿ ಕೂತಿದೆ. ಬೇರೆ ಮಕ್ಕಳ ಹೆದರಿಕೆಯೋ, ಹೊಸದು ಕೇಳೋಕೆ ಸಂಕೋಚವೋ, ಏನೋ ಇದೆ. ಅಲ್ಲಿ ದೊಡ್ಡವರು ಪಕ್ಕಕ್ಕೆ ಹೋಗಿ ಕೂರಲೇಬೇಕು.

ನಾನು ಮಾಡೋದು ಹೇಳುತ್ತೇನೆ. ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆಯುತ್ತೇನೆ, ಯಾವ ಮಗು ಏನು ಮಾಡಿತು, ಎಲ್ಲಿ ಸಿಕ್ಕಿಹಾಕಿಕೊಂಡಿತು ಅಂತ. ಸುರಿಯೋದು ಕೈಗೆ ಹತ್ತಿದೆ ಅನ್ನಿಸಿದ ದಿನ ಆ ಟ್ರೇಯಲ್ಲಿ ಒಂದು ಜಗ್ಗು ತೆಗೆದು ಕಿರಿದಾದ ಬಾಯಿಯ ಬಾಟಲಿ ಇಟ್ಟಿರುತ್ತೇನೆ, ಪಕ್ಕದಲ್ಲಿ ಆಲಿಕೆ. ಅಥವಾ ಬಾಟಲಿಗೆ ಒಂದು ಬಣ್ಣದ ಗೆರೆ. ಒಂದು ಮಾತೂ ಆಡಿರುವುದಿಲ್ಲ, ಕೆಲಸ ತಾನೇ ಒಂದು ಮೆಟ್ಟಿಲು ಏರಿರುತ್ತೆ. ಕೆಲವೊಮ್ಮೆ ಮಾತೂ ಸೇರಿಸುತ್ತೇನೆ. ತುಂಬಿತು, ತುಳುಕಿತು, ಅರ್ಧ ಆಯ್ತು, ಇದರಲ್ಲಿ ಜಾಸ್ತಿ. ಸುಮ್ನೆ ದೂರ ನಿಂತು ನೋಡುವುದಕ್ಕೆ ಸಂಬಳ ಕೊಡುವುದಿಲ್ಲ ನಮಗೆ.


ಒಂದನೇ_ಕ್ಲಾಸ್_ಮೇಷ್ಟ್ರು:

ಮುಲಾಜಿಲ್ಲದೆ ಹೇಳಿ ಅಂದಿರಿ, ಹೇಳುತ್ತೇನೆ. ಚಾಪೆ ಟೀಚರ್ ಥರದವರ ಕೈಯಲ್ಲಿ ಬೆಳೆದ ಮಗು ನನ್ನ ಕ್ಲಾಸಿಗೆ ಬಂದರೆ ನನಗೆ ಹಬ್ಬ. ತೊಂದರೆ ಏನಂದ್ರೆ ಎಲ್ಲ ಕಡೆ ಅಂಥವರು ಇರುವುದಿಲ್ಲ.

ನನ್ನ ಹತ್ತಿರ ಬರುವ ಮಕ್ಕಳಲ್ಲಿ ಎರಡು ಥರ ನೋಡುತ್ತೇನೆ, ಇಬ್ಬರೂ "ಸ್ವತಂತ್ರವಾಗಿ ಕಲಿಯುವ" ಶಾಲೆಯಿಂದಲೇ ಬಂದವರು. ಒಬ್ಬರು ಶೂ ತಾವೇ ಹಾಕಿಕೊಳ್ಳುತ್ತಾರೆ, ಕೆಲಸ ಹಿಡಿದರೆ ಬಿಡುವುದಿಲ್ಲ, ಗೊತ್ತಿಲ್ಲದ್ದನ್ನು ನಾಚಿಕೆ ಇಲ್ಲದೆ ಕೇಳುತ್ತಾರೆ. ಇನ್ನೊಬ್ಬರಿಗೆ ಒಂದು ಕಥೆ ಕೂತು ಕೇಳಿ ಅಭ್ಯಾಸ ಇರುವುದಿಲ್ಲ, ಬೇಡ ಅನ್ನಿಸಿದ್ದನ್ನು ಒಂದು ಸಲವೂ ಮಾಡಿ ಅಭ್ಯಾಸ ಇರುವುದಿಲ್ಲ. ಮೂರು ವರ್ಷ ಬ್ಲಾಕು, ಬ್ಲಾಕು, ಬ್ಲಾಕು. ಆ ಮಗುವಿನ ತಪ್ಪೇನೂ ಇಲ್ಲ. ಹೋಗಲಿ ಬಿಡು ಅಂತ ಬಿಟ್ಟವರು ದೊಡ್ಡವರು. ನನಗೆ ಗೊತ್ತಿರುವ ಒಂದು ಕಡೆ (ಹೆಸರು ಬೇಡ) ಗೋಡೆ ತುಂಬ ಮಗುವಿನ ಸ್ವಾತಂತ್ರ್ಯದ ಬಗ್ಗೆ ಬರೆಸಿದ್ದರು, ಕೆಳಗೆ ಕುರ್ಚಿಯಲ್ಲಿ ಆಯಾ ಫೋನ್ ನೋಡುತ್ತಾ ಕೂತಿರುತ್ತಿದ್ದರು.

ಇನ್ನೊಂದು ವಿಷಯ. ಮಾತು ಮಗುವಿಗೆ ಕೇಳಿ ಕೇಳಿಯೇ ಬರುತ್ತೆ. ಓದು ಹಾಗೆ ಬರುವುದಿಲ್ಲ. ಈ ಗುರುತಿಗೆ ಈ ಸದ್ದು ಅಂತ ಯಾರಾದರೂ ತೋರಿಸಿಕೊಡಲೇಬೇಕು. ರಾತ್ರಿ ಕಥೆ ಓದಿ ಹೇಳುವ ಮನೆಯ ಮಗು ಅರ್ಧ ಅಲ್ಲೇ ಕಲಿತಿರುತ್ತೆ, ಹಾಗಾಗಿ ಅದು ಅಕ್ಷರದ ಕಡೆ ತಾನಾಗೇ ಹೋದ ಹಾಗೆ ಕಾಣುತ್ತೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗು ಯಾಕೆ ಹೋಗುತ್ತೆ? ತನಗೆ ಗೊತ್ತೇ ಇಲ್ಲದ್ದನ್ನು ಯಾರೂ ಆರಿಸಿಕೊಳ್ಳುವುದಿಲ್ಲ. "ಅದಕ್ಕೆ ಆಸಕ್ತಿ ಇಲ್ಲ, ಕಾಯೋಣ" ಅಂತ ಕೂತರೆ ಕಷ್ಟದಲ್ಲಿರುವ ಮಗುವೇ ಇನ್ನೂ ಹಿಂದೆ ಬೀಳುವುದು.

ಹೆಸರು ನೋಡಿಯೂ ಮೋಸ ಹೋಗಬೇಡಿ. ಮಾಂಟೆಸ್ಸರಿ ಅನ್ನೋ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಶೆಲ್ಫಿನಲ್ಲಿ ಮರದ ಸಾಮಾನು ಇಟ್ಟ ಮಾತ್ರಕ್ಕೆ ಪಾಠ ಆಗಲ್ಲ.


ಬಿಸಿಲುಕುದುರೆ:

ನಮ್ಮನ್ನೆಲ್ಲ ಹೊಡೆದು ಬಡಿದು ತಿದ್ದಿಸಿದರು, ನಾವೇನು ಕೆಟ್ಟು ಹೋದ್ವಾ? ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದರೆ ನಾನು ಈಗಲೂ ಮಣ್ಣಲ್ಲೇ ಆಡ್ತಾ ಇರ್ತಿದ್ದೆ. ಸುಮ್ನೆ ತಲೆ ಕೆಡಿಸಿಕೊಳ್ಳದೆ ಮಾಮೂಲಿ ಶಾಲೆಗೆ ಹಾಕಿ.


ಚಾಪೆ_ಟೀಚರ್:

@ಬಿಸಿಲುಕುದುರೆ ಗಣಿತದ ಪುಸ್ತಕ ಕಂಡರೆ ಇವತ್ತಿಗೂ ಬೆವರುವವರೂ ಅದೇ ಹೊಡೆತ ತಿಂದವರೇ. ಅವರು ಇಲ್ಲಿ ಬಂದು ಬರೆಯುವುದಿಲ್ಲ, ಅಷ್ಟೇ.

@ಮೇಷ್ಟ್ರು ಅಕ್ಷರದ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಆದರೆ ಸರಿಯಾಗಿ ನಡೆಯುವ ಮಾಂಟೆಸ್ಸರಿ ತರಗತಿಯಲ್ಲಿ ಅಕ್ಷರಕ್ಕಾಗಿ ಯಾರೂ ಕಾದು ಕೂರುವುದಿಲ್ಲ, ನಾವೇ ಕರೆದು ತೋರಿಸುತ್ತೇವೆ. ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರ ಇರುತ್ತೆ. ಮಗು ಎರಡು ಬೆರಳಲ್ಲಿ ಬರೆಯುವ ದಿಕ್ಕಿನಲ್ಲೇ ಅದನ್ನು ಸವರುತ್ತಾ ಸದ್ದು ಹೇಳುತ್ತೆ. ಒಂದು ಸಲಕ್ಕೆ ಎರಡೋ ಮೂರೋ ಅಕ್ಷರ, ಅದಕ್ಕಿಂತ ಜಾಸ್ತಿ ಇಲ್ಲ. ಮೊದಲು "ಇದು ಮ, ಇದು ಸ" ಅಂತ ನಾನು ಹೇಳುತ್ತೇನೆ. ಆಮೇಲೆ "ಮ ಎಲ್ಲಿದೆ? ಸ ನನ್ನ ಕೈಗೆ ಕೊಡು" ಅಂತ ಆಟ. ಇದು ಪಕ್ಕಾ ಆದ ಮೇಲಷ್ಟೇ "ಇದು ಯಾವುದು?" ಅಂತ ಕೇಳೋದು. ಎರಡನೇ ಹಂತದಲ್ಲಿ ತಡವರಿಸಿದರೆ ಮೂರನೆಯದಕ್ಕೆ ಹೋಗಲ್ಲ, ಎತ್ತಿಟ್ಟು ಇನ್ನೊಂದು ದಿನ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಮಗು ಬೇಡ ಅಂದರೆ ಆ ದಿನ ಬಿಡುತ್ತೇನೆ, ನಾಳೆ ಮತ್ತೆ ಕರೆಯುತ್ತೇನೆ, ಬಿಟ್ಟೇ ಬಿಡುವುದಿಲ್ಲ.


ಅಡಿಟಿಪ್ಪಣಿ:

ನಾನು ಟೀಚರ್ ಅಲ್ಲ, ಇದರ ಬಗ್ಗೆ ಓದುವ ಹುಚ್ಚಿರುವ ಒಬ್ಬ ಅಪ್ಪ. ಇಬ್ಬರು ಟೀಚರುಗಳು ಜಗಳ ಆಡುತ್ತಿರುವ ಹಾಗೆ ಕಂಡರೂ ಸಂಶೋಧನೆ ಹೇಳೋದು ಇಬ್ಬರ ಮಾತಿಗೂ ಹತ್ತಿರವೇ ಇದೆ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾದದ್ದು, ಎಲಿಜಬೆತ್ ಬೊನಾವಿಟ್ಜ್ ಮತ್ತು ಜೊತೆಗಾರರದು. ಕೊಳವೆಗಳನ್ನು ಜೋಡಿಸಿ ಮಾಡಿದ ಒಂದು ವಿಚಿತ್ರ ಆಟಿಕೆ. ಒಂದು ಕಡೆ ಎಳೆದರೆ ಕೀಂಯ್ ಅನ್ನುತ್ತೆ. ಅದರಲ್ಲಿ ಇನ್ನೂ ಬೇರೆ ಗುಟ್ಟುಗಳಿವೆ, ಒಂದು ಕಡೆ ಲೈಟು, ಒಂದು ಕಡೆ ಸಂಗೀತ, ಇನ್ನೊಂದು ಕಡೆ ಒಳಗೆ ಕನ್ನಡಿ. ಕೆಲವು ಮಕ್ಕಳಿಗೆ ದೊಡ್ಡವರು "ನೋಡು, ಇದು ಹೀಗೆ ಕೆಲಸ ಮಾಡುತ್ತೆ" ಅಂತ ಕೀಂಯ್ ಅನ್ನಿಸಿ ತೋರಿಸಿದರು. ಇನ್ನು ಕೆಲವರ ಮುಂದೆ ಅಚಾನಕ್ಕಾಗಿ ಸದ್ದು ಬಂದ ಹಾಗೆ ಮಾಡಿ ಆಶ್ಚರ್ಯಪಟ್ಟರು, ಅಷ್ಟೇ. ಆಮೇಲೆ ಆಟಿಕೆ ಮಕ್ಕಳ ಕೈಗೆ. ತೋರಿಸಿಕೊಟ್ಟ ಮಕ್ಕಳು ಹೆಚ್ಚಾಗಿ ಕೀಂಯ್ ಅನ್ನಿಸುತ್ತಾ ಕೂತರು, ಬೇಗ ಕೆಳಗಿಟ್ಟರು. ಮಿಕ್ಕವರು ಜಾಸ್ತಿ ಹೊತ್ತು ಆಡಿದರು, ಉಳಿದ ಗುಟ್ಟುಗಳನ್ನೂ ಹೆಚ್ಚು ಪತ್ತೆ ಮಾಡಿದರು. ಮಗುವಿನ ಲೆಕ್ಕ ಸರಿಯಾಗೇ ಇದೆ ನೋಡಿ: ಗೊತ್ತಿರುವವರು ಒಂದೇ ತೋರಿಸಿದ್ದಾರೆ ಅಂದರೆ ಇರೋದೂ ಒಂದೇ ಇರಬೇಕು ಅಂತ. ತೋರಿಸಿದ್ದನ್ನು ಚೆನ್ನಾಗಿ ಕಲಿಯುತ್ತೆ, ಅದರಾಚೆ ಹುಡುಕುವುದನ್ನು ನಿಲ್ಲಿಸುತ್ತೆ.

ಇದನ್ನು ಓದಿ "ಹಾಗಾದರೆ ಏನೂ ತೋರಿಸಬಾರದು" ಅಂತ ಹೊರಟರೆ ಅದೂ ಎಡವಟ್ಟು. 2013ರಲ್ಲಿ ಕೆಲ್ಲಿ ಫಿಶರ್ ಮತ್ತವರ ತಂಡ ನಾಲ್ಕೈದು ವರ್ಷದ ಮಕ್ಕಳಿಗೆ ಆಕಾರಗಳನ್ನು ಕಲಿಸಿ ನೋಡಿತು. ಒಂದು ಗುಂಪಿಗೆ ನೇರ ಪಾಠ, ಒಂದು ಗುಂಪಿಗೆ ಅವರಷ್ಟಕ್ಕೆ ಆಟ, ಒಂದು ಗುಂಪಿಗೆ ಪತ್ತೇದಾರರ ಆಟ. ಆ ಪತ್ತೇದಾರಿ ಗುಂಪಿನಲ್ಲಿ ತ್ರಿಕೋನದ ಗುಟ್ಟು ಏನು ಅಂತ ಮಕ್ಕಳೇ ಹುಡುಕಬೇಕು, ದೊಡ್ಡವರು ಪ್ರಶ್ನೆ ಕೇಳುತ್ತಾ ದಾರಿ ತೋರಿಸುತ್ತಾರೆ. ಗೆದ್ದಿದ್ದು ಈ ಗುಂಪು. ಉದ್ದಕ್ಕೆ ಎಳೆದ, ಓರೆಯಾದ ತ್ರಿಕೋನ ಕೊಟ್ಟರೂ ಇವರು ಗುರುತಿಸಿದರು. ಪಾಠ ಕೇಳಿದವರಲ್ಲಿ ಬಹಳ ಮಕ್ಕಳಿಗೆ ಪುಸ್ತಕದಲ್ಲಿ ಇರುವಂಥ ತ್ರಿಕೋನ ಮಾತ್ರ ತ್ರಿಕೋನ. ಅವರಷ್ಟಕ್ಕೆ ಬಿಟ್ಟ ಗುಂಪು ಆಕಾರದ ಬಗ್ಗೆ ಕಲಿತದ್ದು ಎಲ್ಲರಿಗಿಂತ ಕಮ್ಮಿ. ಬ್ಲಾಕುಗಳ ಮಧ್ಯೆ ಬಿಟ್ಟ ಮಾತ್ರಕ್ಕೆ ರೇಖಾಗಣಿತ ಬರಲ್ಲ.

ನಿಮ್ಮ ಅಣ್ಣನ ಮಗನ ವಿಷಯಕ್ಕೆ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗ್ಗೇಟ್ ಅನ್ನೋರು ಐದು ವರ್ಷಕ್ಕೆ ಓದು ಶುರು ಮಾಡಿದ ಮಕ್ಕಳನ್ನೂ ಏಳಕ್ಕೆ ಶುರು ಮಾಡಿದವರನ್ನೂ ಹೋಲಿಸಿ ನೋಡಿದರು. ಸುಮಾರು 11 ವರ್ಷದ ಹೊತ್ತಿಗೆ ತಡವಾಗಿ ಶುರು ಮಾಡಿದವರು ಓದಿನಲ್ಲಿ ಬೇಗ ಶುರು ಮಾಡಿದವರನ್ನು ಹಿಡಿದಿದ್ದರು. ಫಿನ್‌ಲೆಂಡಿನಲ್ಲಿ ಶಾಲೆ ಶುರುವಾಗೋದೇ ಏಳಕ್ಕೆ. ಆದರೆ ಈ ಉದಾಹರಣೆ ಕೊಡುವವರೆಲ್ಲ ಅಲ್ಲಿ ಏಳರ ತನಕ ಮಕ್ಕಳು ತರಬೇತಾದ ಟೀಚರುಗಳ ಜೊತೆ ಮಾತು, ಕಥೆ, ಆಟದಲ್ಲಿ ಇರುತ್ತಾರೆ ಅನ್ನೋದನ್ನು ಬಿಟ್ಟು ಹೇಳುತ್ತಾರೆ.

ಇನ್ನೊಂದು ಮಾತು, ಇದು ಸ್ವಲ್ಪ ಅಡ್ಡದಾರಿ. ಮಗುವನ್ನು ಮುಂದೆ ಬಿಟ್ಟು ಹಿಂದೆ ನಡೆಯಬೇಕು ಅನ್ನೋರು ತಮ್ಮತಮ್ಮಲ್ಲೇ ಒಪ್ಪುವುದಿಲ್ಲ. ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗಿನಲ್ಲಿ ಚಿಕ್ಕ ಮಕ್ಕಳ ಸಂಸ್ಥೆಯೊಂದನ್ನು ಶುರು ಮಾಡಿದ ಮೇಲೆ ಕಿಂಡರ್‌ಗಾರ್ಟನ್ ಹುಟ್ಟಿದ್ದು. ಅವರ ಚೆಂಡು, ಘನ, ಬ್ಲಾಕುಗಳನ್ನು ಕೊಡುವುದಕ್ಕೆ ಒಂದು ಕ್ರಮವೇ ಇತ್ತು. (1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು, 1860ರ ತನಕ! ಮಕ್ಕಳ ಬ್ಲಾಕು ಕಂಡು ಹೆದರಿದ ಸರ್ಕಾರ.) ಮಾಂಟೆಸ್ಸರಿ ತರಗತಿಯಲ್ಲಿ ಮಗು ಆರಿಸಿಕೊಳ್ಳೋದು ನಿಜ, ಆದರೆ ಶೆಲ್ಫಿನಲ್ಲಿ ಏನಿರಬೇಕು ಅಂತ ಆರಿಸುವುದು ದೊಡ್ಡವರು. ನಟನೆಯ ಆಟಕ್ಕೆ ಅಲ್ಲಿ ಅಷ್ಟು ಜಾಗ ಇಲ್ಲ. ಇಟಲಿಯ ರೆಜಿಯೊ ಎಮಿಲಿಯಾದಲ್ಲಿ ಎರಡನೇ ಮಹಾಯುದ್ಧ ಮುಗಿದ ಕೂಡಲೇ ಊರಿನ ಜನ ಸೇನೆ ಬಿಟ್ಟುಹೋದ ಒಂದು ಟ್ಯಾಂಕು, ಟ್ರಕ್ಕು, ಕುದುರೆಗಳನ್ನು ಮಾರಿ ಶಾಲೆ ಕಟ್ಟಲು ಹೊರಟರು. ಅದನ್ನು ನೋಡಲು ಸೈಕಲ್ ಹತ್ತಿ ಹೋದ ಲೊರಿಸ್ ಮಾಲಗುಜ್ಜಿ ಅನ್ನೋ ಟೀಚರ್ ಆಮೇಲೆ ಬೆಳೆಸಿದ ಪದ್ಧತಿಯಲ್ಲಿ ಮಕ್ಕಳು ಕೇಳಿದ ಒಂದು ಪ್ರಶ್ನೆಯೇ ತಿಂಗಳುಗಟ್ಟಲೆ ಪ್ರಾಜೆಕ್ಟ್ ಆಗುತ್ತೆ. ಚಿತ್ರ, ಜೇಡಿಮಣ್ಣು, ನೆರಳು ಬೆಳಕು ಎಲ್ಲ ಅದರೊಳಗೆ. ಹಾಗಾಗಿ ಶಾಲೆಯವರು "ನಾವು ಮಗುವನ್ನೇ ಅನುಸರಿಸುತ್ತೇವೆ" ಅಂದಾಗ ಇವುಗಳಲ್ಲಿ ಯಾವ ಥರ ಅಂತ ಕೇಳಿ. ಉತ್ತರ ತಡವರಿಸಿದರೆ ಅನುಮಾನ ಪಡಿ.


ಮೂರುಮಕ್ಕಳಪ್ಪ:

ನನ್ನ ಚಿಕ್ಕವನದು ಉಲ್ಟಾ ಸಮಸ್ಯೆ. ಯಾವುದನ್ನೂ ಹಿಡಿಯುವುದಿಲ್ಲ. ಶೆಲ್ಫಿನಿಂದ ತೆಗೆಯುತ್ತಾನೆ, ನೆಲಕ್ಕೆ ಸುರಿಯುತ್ತಾನೆ, ಓಡುತ್ತಾನೆ. ಇನ್ನೊಬ್ಬರ ಗೋಪುರ ಬೀಳಿಸುತ್ತಾನೆ. ಅವನಿಗೆ ಆರಿಸಿಕೋ ಅಂದರೆ ಎಲ್ಲವನ್ನೂ ಆರಿಸಿಕೊಳ್ಳುತ್ತಾನೆ. ಮಾತೂ ಸ್ವಲ್ಪ ತಡ, ನಾಲ್ಕು ತುಂಬುತ್ತಾ ಬಂತು, ಎರಡೆರಡು ಪದ ಸೇರಿಸುತ್ತಾನೆ ಅಷ್ಟೇ. "ಪ್ರತಿ ಮಗುವಿಗೂ ತನ್ನದೇ ವೇಗ" ಅಂತ ಶಾಲೆಯವರು ಹೇಳುತ್ತಾರೆ. ಕಾಯಬೇಕಾ?


ಚಾಪೆ_ಟೀಚರ್:

@ಮೂರುಮಕ್ಕಳಪ್ಪ ಎರಡು ಬೇರೆ ಬೇರೆ ವಿಷಯ ಇದೆ ಇಲ್ಲಿ.

ಮಾತಿನ ವಿಷಯದಲ್ಲಿ ಕಾಯಬೇಡಿ. ನಾಲ್ಕರ ಹತ್ತಿರ ಬಂದ ಮಗು ಸಾಮಾನ್ಯವಾಗಿ ಉದ್ದುದ್ದ ವಾಕ್ಯ ಮಾತಾಡುತ್ತೆ, ಮನೆಯವರಲ್ಲದವರಿಗೂ ಬಹುಪಾಲು ಅರ್ಥ ಆಗುತ್ತೆ. ಎರಡೆರಡು ಪದದಲ್ಲೇ ನಿಂತಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ವೈದ್ಯರ ಮೂಲಕ ಮಾತಿನ ಥೆರಪಿಸ್ಟ್ ಹತ್ತಿರ ಹೋಗಿ. ಕಿವಿಯ ಒಳಗೆ ನೀರು ತುಂಬಿಕೊಂಡು ಸರಿಯಾಗಿ ಕೇಳಿಸದ ಮಕ್ಕಳು ಹಟಮಾರಿ ಅನ್ನಿಸಿಕೊಂಡು ಓಡಾಡುವುದನ್ನು ನಾನು ನೋಡಿದ್ದೇನೆ. ಮಗುವಿನ ವೇಗ ಅನ್ನೋ ಮಾತು ಶೂ ಲೇಸು ಕಟ್ಟೋಕೆ, ಬಣ್ಣ ಗುರುತಿಸೋಕೆ ಸರಿ. ಇಂಥ ಕಡೆ ಆ ಮಾತು ಹೇಳಿ ದಿನ ದೂಡೋದು ಅನ್ಯಾಯ.

ಓಡುವ ವಿಷಯಕ್ಕೆ, ಅವನಿಗೆ ಇಡೀ ಶೆಲ್ಫು ಬಹಳ ಜಾಸ್ತಿ. ಇಂಥ ಮಗುವಿಗೆ ನಾನು ಎರಡೇ ಕೊಡುತ್ತೇನೆ: "ಇದಾ, ಅದಾ?" ಆರಿಸಿದ ಮೇಲೆ ಪಕ್ಕದಲ್ಲೇ ಕೂತು ಕೊನೆತನಕ ಮಾಡುತ್ತೇವೆ, ಎತ್ತಿಡೋದೂ ಸೇರಿ. ಭಾರದ ಕೆಲಸ ಹುಡುಕಿ ಕೊಡುತ್ತೇನೆ. ಕುರ್ಚಿ ಸಾಗಿಸು, ಗಿಡಕ್ಕೆ ನೀರು ತುಂಬಿದ ಕ್ಯಾನು ಹೊತ್ತು ತಾ. ಮೈಗೆ ಕೆಲಸ ಸಿಕ್ಕಿದ ಮೇಲೆ ಇಂಥವರು ಎಷ್ಟೋ ಸಲ ಕೂರುತ್ತಾರೆ. ಇನ್ನೊಬ್ಬರ ಗೋಪುರ ಬೀಳಿಸಲು ಮಾತ್ರ ಬಿಡೋದೇ ಇಲ್ಲ. ನಾನು ಕೈ ಹಿಡಿದು ತಡೆಯುತ್ತೇನೆ. ಇದರಲ್ಲಿ ಮಗುವಿನ ಇಷ್ಟ ಕೇಳುವ ಪ್ರಶ್ನೆಯೇ ಇಲ್ಲ.


ನಿದ್ದೆಗೆಟ್ಟಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಶಾಲೆಯಲ್ಲಿ ಒಂದು ಬೆಳಗ್ಗೆ ಮೂಲೆಯಲ್ಲಿ ಕೂತು ನೋಡೋಕೆ ಅನುಮತಿ ತೆಗೆದುಕೊಂಡಿದ್ದೇನೆ. ಏನು ನೋಡಬೇಕು ಹೇಳಿ. ಇನ್ನೊಂದು, ಮನೆಯಲ್ಲಿ ಅತ್ತೆ ವರ್ಕ್‌ಶೀಟ್ ತಂದಿಟ್ಟಿದ್ದಾರೆ, ಒಂದು ಪುಟ ಮುಗಿಸಿದರೆ ಒಂದು ಸ್ಟಿಕ್ಕರ್. ಮಗಳಿಗೆ ಸ್ಟಿಕ್ಕರ್ ಅಂದ್ರೆ ಪ್ರಾಣ. ಇದರಿಂದ ಏನಾದರೂ ಹಾಳಾಗುತ್ತಾ? ಒಂದನೇ ಕ್ಲಾಸಿಗೆ ಏನೇನು ಬಂದಿರಬೇಕು ಅಂತ ಮೇಷ್ಟ್ರೇ ಹೇಳಿಬಿಡಿ.


ಅಡಿಟಿಪ್ಪಣಿ:

ಸ್ಟಿಕ್ಕರ್ ಬಗ್ಗೆ ಒಂದು ಹಳೇ ಪ್ರಯೋಗ ಇದೆ, 1973ರದು. ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ಒಂದು ನರ್ಸರಿಯಲ್ಲಿ ಚಿತ್ರ ಬರೆಯೋಕೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ ಮೊದಲೇ ಹೇಳಿದರು, ಬರೆದರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ. ಸ್ವಲ್ಪ ದಿನ ಬಿಟ್ಟು ನೋಡಿದರೆ ಆ ಮಕ್ಕಳು ಬಣ್ಣದ ಪೆನ್ನಿನ ಹತ್ತಿರ ಕಳೆದ ಹೊತ್ತು ಉಳಿದವರ ಅರ್ಧದಷ್ಟು. ಮೊದಲೇ ಹೇಳದೆ ಆಮೇಲೆ ಸರ್ಟಿಫಿಕೇಟ್ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಹಾಗಂತ ನಾಲ್ಕು ಸ್ಟಿಕ್ಕರಿಗೆ ಮಗು ಹಾಳಾಗುವುದಿಲ್ಲ. ಅವಳಿಗೆ ಈಗಾಗಲೇ ಇಷ್ಟ ಇರುವ ಕೆಲಸಕ್ಕೆ ಮಾತ್ರ ಬಹುಮಾನದ ಆಸೆ ತೋರಿಸಬೇಡಿ.


ಚಾಪೆ_ಟೀಚರ್:

ಶಾಲೆಯಲ್ಲಿ ಮಕ್ಕಳಿಗಿಂತ ಜಾಸ್ತಿ ಟೀಚರನ್ನು ನೋಡಿ. ಅವರ ಕಣ್ಣು ಎಲ್ಲಿದೆ? ಮಗು ತಲೆ ಬಗ್ಗಿಸಿ ಕೆಲಸದಲ್ಲಿ ಮುಳುಗಿದಾಗ ಮಧ್ಯೆ ಹೋಗಿ "ಗುಡ್, ವೆರಿ ಗುಡ್" ಅಂತ ಕೆಡಿಸುತ್ತಾರಾ? ಮಗು ಸಿಕ್ಕಿಹಾಕಿಕೊಂಡು ಅಳು ಬರುವ ಹಾಗಿರುವಾಗ ಹತ್ತಿರ ಬರುತ್ತಾರಾ? ಇಬ್ಬರು ಒಂದೇ ಸಾಮಾನಿಗೆ ಜಗಳ ಆಡಿದರೆ ಕಿತ್ತುಕೊಂಡು ತೀರ್ಪು ಕೊಡುತ್ತಾರಾ, ಅಥವಾ ಇಬ್ಬರ ಬಾಯಲ್ಲೂ ಮಾತು ಹೊರಡಿಸುತ್ತಾರಾ? ಸಾಮಾನು ಮಕ್ಕಳ ಕೈಗೆ ಎಟಕುವ ಹಾಗಿದೆಯಾ, ತುಂಡುಗಳು ಕಳೆದುಹೋಗಿವೆಯಾ ಅಂತಲೂ ನೋಡಿ. ಹತ್ತು ಘನ ಇರಬೇಕಾದ ಗೋಪುರದಲ್ಲಿ ಏಳೇ ಇದ್ದರೆ ಬಹಳ ದಿನದಿಂದ ಯಾರೂ ಅದನ್ನು ಗಮನಿಸಿಲ್ಲ ಅಂತಲೇ ಅರ್ಥ.

ಹೊತ್ತಿನ ಲೆಕ್ಕವೂ ಮುಖ್ಯ. ಮಾಂಟೆಸ್ಸರಿಯಲ್ಲಿ ಸುಮಾರು ಮೂರು ಗಂಟೆ ತಡೆಯಿಲ್ಲದೆ ಬಿಡಬೇಕು ಅನ್ನುತ್ತಾರೆ. ಅರ್ಧರ್ಧ ಗಂಟೆಗೆ ಎಬ್ಬಿಸಿ ಡ್ಯಾನ್ಸು, ಆಮೇಲೆ ಇನ್ನೊಂದು ಅಂತ ಓಡಿಸಿದರೆ ಆರಿಸಿಕೊಂಡೂ ಉಪಯೋಗ ಇಲ್ಲ. ಮಕ್ಕಳ ಸಂಖ್ಯೆ ಎಣಿಸಿ. ಚಿಕ್ಕ ಮಕ್ಕಳ ಶಿಕ್ಷಣದ ಅಮೆರಿಕದ ಸಂಸ್ಥೆ ಎನ್‌ಎಇವೈಸಿ ಈ ವಯಸ್ಸಿಗೆ ಹೆಚ್ಚೆಂದರೆ 20 ಮಕ್ಕಳ ಗುಂಪು, ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು ಅನ್ನುತ್ತೆ. ಮಾಂಟೆಸ್ಸರಿಯವರು ಇದಕ್ಕಿಂತ ದೊಡ್ಡ ಗುಂಪೇ ಒಳ್ಳೇದು ಅಂತ ವಾದಿಸುತ್ತಾರೆ, ಅದು ಬೇರೆ ಜಗಳ. ಕೊನೆಯಲ್ಲಿ ಟೀಚರನ್ನು ಒಂದೇ ಪ್ರಶ್ನೆ ಕೇಳಿ: ನನ್ನ ಮಗಳ ಬಗ್ಗೆ ಈ ತಿಂಗಳು ನೀವು ಏನು ಬರೆದಿಟ್ಟಿದ್ದೀರಿ?


ಒಂದನೇ_ಕ್ಲಾಸ್_ಮೇಷ್ಟ್ರು:

ನನಗೆ ಬೇಕಾದ್ದು ಕಮ್ಮಿ. ಬಾತ್ರೂಮಿಗೆ ಹೋಗಬೇಕು ಅಂತ ಬಾಯಿಬಿಟ್ಟು ಹೇಳಬೇಕು. ತನ್ನ ಬ್ಯಾಗು ತಾನೇ ತೆಗೆದು ಮುಚ್ಚಬೇಕು. ಒಂದು ಕಥೆ ಕೊನೆತನಕ ಕೇಳಿ "ಆಮೇಲೆ ಏನಾಯ್ತು" ಅಂದರೆ ತನ್ನ ಮಾತಿನಲ್ಲಿ ಹೇಳಬೇಕು. ಎರಡು ಕೆಲಸ ಒಟ್ಟಿಗೆ ಹೇಳಿದರೆ, ಪುಸ್ತಕ ಒಳಗಿಟ್ಟು ಬಾಗಿಲ ಹತ್ತಿರ ನಿಲ್ಲು ಅಂದರೆ, ಎರಡೂ ನೆನಪಿರಬೇಕು. ತನ್ನ ಹೆಸರು ಯಾವ ಸದ್ದಿನಿಂದ ಶುರುವಾಗುತ್ತೆ ಅಂತ ಕಿವಿಯಲ್ಲಿ ಹಿಡಿಯಬೇಕು, ಅದೇ ಸದ್ದಿನ ಇನ್ನೆರಡು ಪದ ಹೇಳಿದರೆ ಇನ್ನೂ ಒಳ್ಳೇದು. ಐದು ವಸ್ತು ಕೊಡು ಅಂದರೆ ಎಣಿಸಿ ಐದೇ ಕೊಡಬೇಕು. ನೂರರ ತನಕ ಬಾಯಿಪಾಠ ಹೇಳಿ, ಏಳು ಬೀಜ ಕೊಡು ಅಂದರೆ ಬೊಗಸೆ ತುಂಬ ತಂದು ಸುರಿಯುವ ಮಕ್ಕಳು ನನ್ನ ಕ್ಲಾಸಿಗೆ ಪ್ರತಿ ವರ್ಷ ಬರುತ್ತಾರೆ. ನಿಮ್ಮ ಅಣ್ಣನ ಮಗ ಎಣಿಸಿಯೇ ಕೊಡುತ್ತಾನೆ ಅಂದರೆ ಜಾಣ, ಸಂತೋಷ.

ಅತ್ತೆಯವರ ಜೊತೆ ಜಗಳ ಬೇಡ. ವರ್ಕ್‌ಶೀಟ್ ಬದಲು ಸೀಮೆಸುಣ್ಣ ಕೊಟ್ಟು ನೆಲದ ಮೇಲೆ ದೊಡ್ಡದಾಗಿ ಗೆರೆ, ಸುರುಳಿ ಬರೆಸಲಿ. ಮೊಮ್ಮಗಳ ಜೊತೆ ಕೂತು ದಿನಾ ಒಂದು ಪುಸ್ತಕ ಓದಲಿ, ಓದುವಾಗ ಬೆರಳು ಅಕ್ಷರದ ಕೆಳಗೆ ಓಡುತ್ತಿರಲಿ. ಆರು ತಿಂಗಳು ಹೀಗೆ ಮಾಡಿಯೂ, ಶಾಲೆಯಲ್ಲಿ ಕರೆದು ತೋರಿಸಿಯೂ, ಅವಳಿಗೆ ಅಕ್ಷರದ ಕಡೆ ತಿರುಗುವ ಮನಸ್ಸೇ ಇಲ್ಲ ಅಂದರೆ ಇಲ್ಲಿ ಬಂದು ಬರೆಯಿರಿ, ಆಗ ಬೇರೆ ಮಾತಾಡೋಣ.